ಬಿಸಿನೀರಿಗೆ ಮೂರು ದಾರಿ: ಶೆಟ್ಟಿಹಳ್ಳಿಯ ತಾರಸಿ, ಬಚ್ಚಲುಗಳಲ್ಲಿ ಕಲಿತ ಪಾಠಗಳು

ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ಬಿಸಿನೀರಿನ ಕೆಲಸ ಮಾಡುವವನಿಗೆ ಎಲ್ಲ ಕಾಲದ ಸಾಧನಗಳೂ ಒಂದೇ ಬೀದಿಯಲ್ಲಿ ಸಿಗುತ್ತವೆ. ಹೊಸ ಮನೆಯ ತಾರಸಿಯ ಮೇಲೆ ಸೋಲಾರ್, ಬಾಡಿಗೆ ಮನೆಯ ಬಚ್ಚಲಲ್ಲಿ ಗ್ಯಾಸ್ ಗೀಸರ್, ಪಕ್ಕದ ಮನೆಯಲ್ಲಿ ಕರೆಂಟಿನ ಗೀಸರ್, ಹಳೆಯ ಮನೆಯ ಹಿತ್ತಲಲ್ಲಿ ಇನ್ನೂ ಹೊಗೆಯಾಡುವ ಹಂಡೆ ಒಲೆ. ಗುಬ್ಬಿ, ಕುಣಿಗಲ್ ಕಡೆ ಹೋದರೆ ಒಂದೇ ಮನೆಯಲ್ಲಿ ಇವುಗಳಲ್ಲಿ ಮೂರು ಇರುವುದೂ ಉಂಟು.

ಕೂರಿಸುವ ಕೆಲಸ, ರಿಪೇರಿ ಕೆಲಸ ಎರಡನ್ನೂ ಮಾಡುತ್ತಾ ನನಗೆ ಖಚಿತವಾದ ಒಂದು ಮಾತಿದೆ. ಸಾಧನ ಯಾವುದೇ ಇರಲಿ, ನೋಡಿಕೊಳ್ಳಬೇಕಾದ ದಾರಿಗಳು ಮೂರೇ: ನೀರು ಬರುವ ದಾರಿ, ಗಾಳಿ ಆಡುವ ದಾರಿ, ಒತ್ತಡ ಹೊರಗೆ ಹೋಗುವ ದಾರಿ. ಈ ಮೂರೂ ತೆರೆದಿದ್ದರೆ ಅಗ್ಗದ ಸಾಧನವೂ ವರ್ಷಗಟ್ಟಲೆ ಬಾಳುತ್ತದೆ. ಒಂದು ಕಟ್ಟಿಕೊಂಡರೂ ಸಾಕು, ದುಬಾರಿ ಸಾಧನವೂ ಕೆಡುತ್ತದೆ. ಕೆಲವೊಮ್ಮೆ ಜೀವಕ್ಕೇ ಸಂಚಕಾರ ಬರುತ್ತದೆ. ಕೆಳಗಿನ ಪಾಠಗಳೆಲ್ಲ ಆ ಮಾತಿನ ವಿವರಣೆ.

1. ಮೊದಲು ನೀರಿನ ಗುಣ ತಿಳಿದುಕೊಳ್ಳಿ

ತುಮಕೂರು ನಗರಕ್ಕೆ ಹೇಮಾವತಿ ನೀರು ಬುಗುಡನಹಳ್ಳಿ ಕೆರೆಯಿಂದ ಬರುತ್ತದೆ. ಅದು ಸಾಲದ ಕಡೆ ಬೋರ್‌ವೆಲ್ ನೀರು. ಎರಡೂ ಒಂದೇ ಸಂಪಿಗೆ ಬಿದ್ದು ಒಂದೇ ಟ್ಯಾಂಕಿಗೆ ಹತ್ತುವ ಮನೆಗಳೇ ಹೆಚ್ಚು. ಗೀಸರಿನ ಆಯುಷ್ಯ ಅಳೆಯುವುದು ಇಲ್ಲಿಂದಲೇ.

ಗಡಸು ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್, ನೀರು ಕಾದಂತೆ ಕರಗದ ಸುಣ್ಣವಾಗಿ ಕೂರುತ್ತದೆ. 60 ಡಿಗ್ರಿ ದಾಟಿದ ಮೇಲೆ ಈ ಕೆಲಸ ಜೋರಾಗುತ್ತದೆ. ಆದ್ದರಿಂದ ಅದೇ ನೀರು ತಣ್ಣೀರಿನ ಟ್ಯಾಂಕಿನಲ್ಲಿ ಸುಮ್ಮನಿದ್ದು, ಗೀಸರ್ ಒಳಗೆ ಕಲ್ಲಾಗುತ್ತದೆ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500ರ ಪ್ರಕಾರ ಲೀಟರಿಗೆ 200 ಮಿಲಿಗ್ರಾಂವರೆಗಿನ ಗಡಸುತನ ಒಪ್ಪುವಂಥದ್ದು. ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಸಹಿಸಬಹುದು. ಲ್ಯಾಬಿಗೆ ಒಂದು ಬಾಟಲಿ ಕೊಟ್ಟರೆ ನಿಮ್ಮ ಅಂಕಿ ಗೊತ್ತಾಗುತ್ತದೆ.

ಮನೆಯಲ್ಲೇ ನೋಡುವ ಬಗೆಯೂ ಇದೆ. ಒಂದು ಬಾಟಲಿಯಲ್ಲಿ ಬೋರ್ ನೀರು, ಇನ್ನೊಂದರಲ್ಲಿ ಮಳೆನೀರು ಹಿಡಿದು, ಎರಡಕ್ಕೂ ಅಷ್ಟಷ್ಟೇ ಬಟ್ಟೆ ಸೋಪಿನ ಚೂರು ಹಾಕಿ ಕುಲುಕಿ. ನೊರೆ ಏಳದೆ ಬೆಳ್ಳಗೆ ಕದಡಿದ್ದು ಗಡಸು ನೀರು. ಮನೆ ಕಟ್ಟುವಾಗಲೇ ಹೇಮಾವತಿ ನೀರಿಗೆ ಬೇರೆ ಸಣ್ಣ ಟ್ಯಾಂಕ್ ಇಟ್ಟು, ಸೋಲಾರ್ ಮತ್ತು ಗೀಸರಿಗೆ ಅಲ್ಲಿಂದಲೇ ಪೈಪ್ ಕೊಟ್ಟರೆ ಅರ್ಧ ರಿಪೇರಿ ಅಲ್ಲಿಗೇ ತಪ್ಪುತ್ತದೆ.

2. ಗೀಸರ್ ಸದ್ದು ಮಾಡಿದರೆ ಬಿಚ್ಚಿಸಿ

“ಏನಣ್ಣ, ಸ್ವಿಚ್ ಹಾಕಿ ಅರ್ಧ ಗಂಟೆ ಆದ್ರೂ ನೀರೇ ಕಾಯಲ್ಲ, ಒಳಗೆ ಕಟಕಟ ಅಂತದೆ.” ಈ ಮಾತು ಕೇಳಿದ ಕೂಡಲೇ ಕಾಯಿಲಿಗೆ ಸುಣ್ಣ ಕಟ್ಟಿದೆ ಅಂತ ತಿಳಿಯಬಹುದು. ಗೀಸರಿನ ಕೆಳಗಿನ ಮುಚ್ಚಳದ ಬೋಲ್ಟುಗಳನ್ನು ಸಡಿಲಿಸಿದಾಗ ಮೊದಲು ಬರುವುದು ಕಂದು ನೀರು. ಅದರ ಹಿಂದೆ ಮೊಟ್ಟೆಯ ಚಿಪ್ಪಿನಂಥ ಬಿಳಿ ಚೂರುಗಳು ಬಕೆಟಿಗೆ ಉದುರುತ್ತವೆ. ಕಾಯಿಲ್ ಹೊರಗೆ ಬಂದರೆ, ಪೆನ್ಸಿಲ್ ದಪ್ಪದ ಕೊಳವೆ ಹೆಬ್ಬೆಟ್ಟಿನಷ್ಟು ದಪ್ಪಗಾಗಿರುತ್ತದೆ. ಆ ಪದರದೊಳಗೆ ಶಾಖ ಸಿಕ್ಕಿಕೊಂಡು ಕಾಯಿಲ್ ತಾನೇ ಸುಟ್ಟುಹೋಗುತ್ತದೆ.

ಒಂದು ಲೆಕ್ಕ ನೆನಪಿಡಿ. 15 ಲೀಟರಿನ, 2 ಕಿಲೋವಾಟ್ ಗೀಸರ್ 22 ಡಿಗ್ರಿ ನೀರನ್ನು 55ಕ್ಕೆ ಏರಿಸಲು ಸುಮಾರು 17 ನಿಮಿಷ ಸಾಕು. ನಿಮ್ಮ ಗೀಸರಿನ ದೀಪ ಆರಲು ಅರ್ಧ ಗಂಟೆ ಮೀರುತ್ತಿದ್ದರೆ ಬಿಚ್ಚಿಸಿ ನೋಡುವ ಕಾಲ ಬಂದಿದೆ.

ಸುಣ್ಣ ಕರಗಿಸಲು ಸಿಟ್ರಿಕ್ ಆಸಿಡ್ ಸಾಕು. ಕಿರಾಣಿ ಅಂಗಡಿಯ ನಿಂಬೆ ಉಪ್ಪು ಅಂದರೆ ಅದೇ. ಲೀಟರ್ ನೀರಿಗೆ 50 ಗ್ರಾಂ ಹಾಕಿ, ಕಾಯಿಲನ್ನು ಅದರಲ್ಲಿ ಕೆಲವು ಗಂಟೆ ನೆನೆಸಿ, ಆಮೇಲೆ ಚೆನ್ನಾಗಿ ತೊಳೆಯಿರಿ. ಕಕ್ಕಸು ತೊಳೆಯುವ ಆಸಿಡ್ಡನ್ನು ಯಾವ ಕಾರಣಕ್ಕೂ ಒಳಗೆ ಬಿಡಬೇಡಿ. ಅದರಲ್ಲಿರುವ ಕ್ಲೋರೈಡ್ ಸ್ಟೀಲ್ ಟ್ಯಾಂಕಿಗೆ ಸೂಜಿಮೊನೆಯಷ್ಟು ತೂತು ಕೊರೆಯುತ್ತದೆ. ಸುಣ್ಣ ಒಂದು ಗಂಟೆಯಲ್ಲಿ ಹೋಗುತ್ತದೆ, ಟ್ಯಾಂಕೂ ಕೆಲವೇ ತಿಂಗಳಲ್ಲಿ ಹೋಗುತ್ತದೆ.

ಕಾಯಿಲಿನ ಪಕ್ಕದಲ್ಲೇ ಮೆಗ್ನೀಸಿಯಂ ಕಡ್ಡಿ ಇರುತ್ತದೆ. ಟ್ಯಾಂಕ್ ತುಕ್ಕು ಹಿಡಿಯುವ ಬದಲು ಈ ಕಡ್ಡಿ ಸವೆಯಲಿ ಎಂದೇ ಅದನ್ನು ಇಟ್ಟಿರುತ್ತಾರೆ. ವರ್ಷಕ್ಕೊಮ್ಮೆ ನೋಡಿ, ನಡುವಿನ ತಂತಿ ಕಾಣುವಷ್ಟು ಸವೆದಿದ್ದರೆ ಬದಲಾಯಿಸಿ. ಹೊಸ ಟ್ಯಾಂಕಿನ ಮುಂದೆ ಅದರ ಬೆಲೆ ಏನೇನೂ ಅಲ್ಲ.

3. ತೊಟ್ಟಿಕ್ಕುವ ವಾಲ್ವನ್ನು ಮುಚ್ಚಬೇಡಿ

ಕರೆಂಟಿನ ಗೀಸರಿನ ತಣ್ಣೀರಿನ ಪೈಪಿನ ಬುಡದಲ್ಲಿ ಸಣ್ಣ ಸೇಫ್ಟಿ ವಾಲ್ವ್ ಇರುತ್ತದೆ. ನೀರು ಕಾಯುವಾಗ ಅದರಿಂದ ಹನಿ ಬೀಳುವುದನ್ನು ನೋಡಿ ಎಷ್ಟೋ ಮನೆಗಳಲ್ಲಿ ದಾರ ಸುತ್ತಿ, ಎಂ-ಸೀಲ್ ಮೆತ್ತಿ ಬಿಟ್ಟಿರುತ್ತಾರೆ. ಇದು ತುಂಬಾ ಅಪಾಯದ ಕೆಲಸ.

20 ಡಿಗ್ರಿಯ ನೀರು 60ಕ್ಕೆ ಏರಿದಾಗ ಸುಮಾರು ಒಂದೂವರೆ ಶೇಕಡ ಹಿಗ್ಗುತ್ತದೆ. 15 ಲೀಟರಿನ ಟ್ಯಾಂಕಿನಲ್ಲಿ ಅದು ಕಾಲು ಲೀಟರಿನ ಹತ್ತಿರ. ಆ ಹೆಚ್ಚಿನ ನೀರಿಗೆ ಎಲ್ಲಾದರೂ ಜಾಗ ಬೇಕು. ಹಿಂದಕ್ಕೆ ಹೋಗಲು ಬಿಡದ ವಾಲ್ವ್ ಇರುವ ಕಡೆ ಅದು ಸೇಫ್ಟಿ ವಾಲ್ವಿನಿಂದಲೇ ಹನಿಯಬೇಕು. ಥರ್ಮೋಸ್ಟಾಟ್ ಕೈಕೊಟ್ಟು ನೀರು ಕುದಿಯತೊಡಗಿದರೆ ಟ್ಯಾಂಕ್ ಸಿಡಿಯದಂತೆ ಕಾಯುವುದೂ ಅದೇ. ಕಾಯುವಾಗ ಮಾತ್ರ ಹನಿ ಬಿದ್ದರೆ ವಾಲ್ವ್ ಸರಿಯಾಗಿದೆ. ಸ್ವಿಚ್ ಆರಿಸಿದ ಮೇಲೂ ದಿನವಿಡೀ ಸುರಿಯುತ್ತಿದ್ದರೆ ನೀರಿನ ಒತ್ತಡ ಹೆಚ್ಚಿದೆ, ಇಲ್ಲವೇ ವಾಲ್ವಿನ ಬಾಯಲ್ಲಿ ಸುಣ್ಣ ಕೂತಿದೆ; ಸುಣ್ಣ ಕೂತಿದ್ದರೆ ವಾಲ್ವ್ ಬದಲಾಯಿಸಿ. ಹನಿ ಬೀಳುವುದು ಬೇಡ ಅನಿಸಿದರೆ ಸಣ್ಣ ಪೈಪ್ ಸಿಕ್ಕಿಸಿ ನೆಲದ ಜಾಲರಿಯ ಕಡೆ ತಿರುಗಿಸಿ. ದಾರಿ ಬದಲಿಸಬಹುದು, ಕಟ್ಟಬಾರದು.

4. ಸೋಲಾರಿನ ಗಾಳಿ ಪೈಪ್ ತೆರೆದೇ ಇರಲಿ

ಸೋಲಾರ್ ಟ್ಯಾಂಕಿನ ನೆತ್ತಿಯಿಂದ ಮೇಲಕ್ಕೆ ಹೋಗುವ ಬರಿಯ ಪೈಪನ್ನು ನಮ್ಮ ಕಡೆ ಏರ್ ಪೈಪ್ ಅಂತೀವಿ. ಅದರ ಬಾಯಿ ತಣ್ಣೀರಿನ ಟ್ಯಾಂಕಿನ ತುಂಬಿದ ಮಟ್ಟಕ್ಕಿಂತ ಮೇಲಿರಬೇಕು. ಕೆಳಗಿದ್ದರೆ ನೀರು ಅಲ್ಲಿಂದಲೇ ಸುರಿಯುತ್ತದೆ. ಹಾಗೆ ಸುರಿಯುವುದನ್ನು ಕಂಡು ಬಾಯಿಗೆ ಕ್ಯಾಪ್ ಹಾಕಿಬಿಡುವವರಿದ್ದಾರೆ.

ಕ್ಯಾಪ್ ಹಾಕಿದರೆ ಎರಡು ಅನಾಹುತ. ಮಧ್ಯಾಹ್ನ ಉಗಿಗೆ ದಾರಿಯಿಲ್ಲದೆ ಟ್ಯಾಂಕ್ ಉಬ್ಬುತ್ತದೆ. ತಣ್ಣೀರಿನ ಟ್ಯಾಂಕ್ ಖಾಲಿಯಾದಾಗ ಯಾರೋ ಬಿಸಿನೀರಿನ ನಲ್ಲಿ ತಿರುಗಿಸಿದರೆ, ಒಳಗೆ ನಿರ್ವಾತವಾಗಿ ತೆಳು ಸ್ಟೀಲಿನ ಟ್ಯಾಂಕ್ ಒಳಕ್ಕೆ ಕುಸಿಯುತ್ತದೆ. ಹೀಗೆ ಕುಸಿದ ಟ್ಯಾಂಕನ್ನು ಸರಿಮಾಡಲಾಗುವುದಿಲ್ಲ, ಹೊಸದೇ ತರಬೇಕು. ಕಣಜ ಗೂಡು ಕಟ್ಟಿದರೂ ಇದೇ ಗತಿ. ಪೈಪಿನ ತುದಿಯನ್ನು ಕೆಳಮುಖ ಬಗ್ಗಿಸಿ, ಬಾಯಿಗೆ ಸೊಳ್ಳೆ ಜಾಲರಿಯ ತುಂಡು ಕಟ್ಟಿ. ಮಳೆಗಾಲ ಮುಗಿದ ಮೇಲೆ ಒಮ್ಮೆ ಬಿಚ್ಚಿ ನೋಡಿ.

5. ಎತ್ತರ, ದಿಕ್ಕು, ನೆರಳು ವರ್ಷಕ್ಕೊಮ್ಮೆ ನೋಡಿ

ಸೋಲಾರಿಗೆ ಮೋಟರ್ ಇಲ್ಲ. ಕಾದ ನೀರು ಹಗುರಾಗಿ ಮೇಲೇರುತ್ತದೆ, ತಣ್ಣನೆಯದು ಭಾರವಾಗಿ ಕೆಳಗಿಳಿಯುತ್ತದೆ, ಅಷ್ಟರಲ್ಲೇ ತಿರುಗಾಟ ನಡೆಯುತ್ತದೆ. ಗಾಜಿನ ಪೆಟ್ಟಿಗೆಯ ಮಾದರಿಯಲ್ಲಿ ಟ್ಯಾಂಕಿನ ತಳ ಪೆಟ್ಟಿಗೆಯ ಮೇಲಿನ ಅಂಚಿಗಿಂತ ಒಂದಡಿಯಾದರೂ ಮೇಲಿರಬೇಕು. ಇಲ್ಲದಿದ್ದರೆ ರಾತ್ರಿ ತಿರುಗಾಟ ಹಿಮ್ಮುಖವಾಗಿ, ಹಗಲೆಲ್ಲ ಕಾದದ್ದು ಬೆಳಗಾಗುವಷ್ಟರಲ್ಲಿ ಆರುತ್ತದೆ. ತಣ್ಣೀರಿನ ಟ್ಯಾಂಕಿನ ತಳ ಸೋಲಾರ್ ಟ್ಯಾಂಕಿನ ನೆತ್ತಿಗಿಂತ ಮೇಲಿರಬೇಕು. ಅಲ್ಲಿಂದ ಬರುವ ಪೈಪಿಗೆ ನಡುವೆ ಬೇರೆ ನಲ್ಲಿ ಕೊಡಬಾರದು.

ತುಮಕೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಫಲಕಗಳು ದಕ್ಷಿಣಕ್ಕೆ ಮುಖ ಮಾಡಿರಬೇಕು. ಚಳಿಗಾಲದ ಬಿಸಿಲು ಓರೆಯಾಗಿ ಬೀಳುವುದರಿಂದ ಅಕ್ಷಾಂಶಕ್ಕಿಂತ 10–15 ಡಿಗ್ರಿ ಹೆಚ್ಚು ಓರೆ ಕೊಟ್ಟರೆ ಬಿಸಿನೀರು ನಿಜಕ್ಕೂ ಬೇಕಾಗುವ ಕಾಲದಲ್ಲಿ ಚೆನ್ನಾಗಿ ಕಾಯುತ್ತದೆ.

ನೆರಳಿನ ವಿಷಯ ಬಹಳ ಜನ ಮರೆಯುತ್ತಾರೆ. ಸೋಲಾರ್ ಕೂರಿಸಿದಾಗ ಗಿಡವಾಗಿದ್ದ ತೆಂಗು ಈಗ ಮರ. ಪಕ್ಕದವರು ಇನ್ನೊಂದು ಮಹಡಿ ಏರಿಸಿರುತ್ತಾರೆ. “ಸೋಲಾರ್ ಹಳೇದಾಯ್ತು, ಬದಲಾಯಿಸಿ” ಎಂದು ಯಾರಾದರೂ ಹೇಳಿದರೆ, ದುಡ್ಡು ಎಣಿಸುವ ಮೊದಲು ಬೆಳಿಗ್ಗೆ 9ಕ್ಕೆ, 12ಕ್ಕೆ, 3ಕ್ಕೆ ತಾರಸಿಗೆ ಹೋಗಿ ನೆರಳು ಎಲ್ಲಿ ಬೀಳುತ್ತಿದೆ ಅಂತ ನೋಡಿ. ಎಷ್ಟೋ ಸಲ ಸ್ಟ್ಯಾಂಡನ್ನು ಕೆಲವು ಅಡಿ ಸರಿಸಿದರೆ ಸಾಕಾಗುತ್ತದೆ.

6. ಟ್ಯೂಬಿನ ತುದಿ ನೋಡಿದರೆ ಆರೋಗ್ಯ ತಿಳಿಯುತ್ತದೆ

ಗಾಜಿನ ಟ್ಯೂಬಿನ ಸೋಲಾರಿನಲ್ಲಿ ಪ್ರತಿ ಟ್ಯೂಬೂ ಎರಡು ಪದರದ ಗಾಜು, ನಡುವೆ ನಿರ್ವಾತ. ಕೆಳತುದಿಯಲ್ಲಿ ಕನ್ನಡಿಯಂತೆ ಹೊಳೆಯುವುದು ಬೇರಿಯಂ ಲೇಪ. ಹೊಳಪು ಹೋಗಿ ಹಾಲಿನಂತೆ ಬೆಳ್ಳಗಾಗಿದ್ದರೆ ಗಾಳಿ ಒಳಗೆ ನುಗ್ಗಿದೆ ಎಂದರ್ಥ. ಬಿಸಿಲಲ್ಲಿ ಆ ಟ್ಯೂಬಿನ ಹೊರಮೈ ಮುಟ್ಟಿದರೆ ಬೆಚ್ಚಗಿರುತ್ತದೆ, ಅಂದರೆ ಶಾಖ ಹೊರಗೆ ಸೋರುತ್ತಿದೆ. ಅದೊಂದನ್ನೇ ಬದಲಾಯಿಸಿ, ಇಡೀ ಸೆಟ್ ಬೇಡ.

ಖಾಲಿ ಟ್ಯೂಬು ಬಿಸಿಲಿಗೆ 200 ಡಿಗ್ರಿ ದಾಟುತ್ತದೆ. ಬೇಸಿಗೆಯಲ್ಲಿ ಟ್ಯಾಂಕ್ ಖಾಲಿಯಾಗಿ, ಮಧ್ಯಾಹ್ನ ನೀರು ಬಂದಾಗ ವಾಲ್ವ್ ತಿರುಗಿಸಿದರೆ ಟ್ಯೂಬುಗಳು ಸಾಲಾಗಿ ಒಡೆಯುತ್ತವೆ. ನೀರು ತುಂಬಿಸುವುದು ಸೂರ್ಯ ಹುಟ್ಟುವ ಮೊದಲು ಇಲ್ಲವೇ ಮುಳುಗಿ ಆರಿದ ಮೇಲೆ. ಅಷ್ಟು ಕಾಯಲಾಗದಿದ್ದರೆ ಗೋಣಿಚೀಲ ಹೊದಿಸಿ, ಟ್ಯೂಬ್ ಪೂರ್ತಿ ತಣ್ಣಗಾದ ಮೇಲೆ ನೀರು ಬಿಡಿ.

ಟ್ಯೂಬಿನ ತಳದಲ್ಲಿ ಕೆಸರು, ಸುಣ್ಣ ಇಳಿದಿರುತ್ತದೆ. ಮುಂಜಾನೆ ಟ್ಯಾಂಕ್ ಬಸಿದು, ಟ್ಯೂಬ್ ಬಿಚ್ಚಿ, ಉದ್ದನೆಯ ಬ್ರಶ್ ಆಡಿಸಿ ತೊಳೆಯಬೇಕು. ವಾಪಸ್ ಸೇರಿಸುವಾಗ ರಬ್ಬರ್ ರಿಂಗಿಗೆ ಸೋಪಿನ ನೀರು ಹಚ್ಚಿ, ತಿರುಗಿಸುತ್ತಾ ತಳ್ಳಿ. ಒಣ ರಿಂಗಿಗೆ ಬಲ ಹಾಕಿದರೆ ಟ್ಯೂಬಿನ ಬಾಯಿ ಸೀಳುತ್ತದೆ. ಹೊರಗಿನ ಧೂಳು ಒರೆಸುವುದೂ ಬಿಸಿಲೇರುವ ಮೊದಲೇ. ತೆಂಗಿನ ಮರ ತಾರಸಿಯ ಮೇಲೆ ಬಾಗಿದ್ದರೆ ಕಾಯಿ ಬಲಿಯುವ ಮೊದಲು ಇಳಿಸಿಬಿಡಿ. ಒಂದು ಕಾಯಿ ಬಿದ್ದರೆ ನಾಲ್ಕು ಟ್ಯೂಬ್ ಹೋಗುತ್ತವೆ.

ಗಾಜಿನ ಪೆಟ್ಟಿಗೆಯ ಮಾದರಿಯಲ್ಲಿ ತೊಂದರೆ ಬೇರೆ. ಒಳಗಿನ ತಾಮ್ರದ ಕೊಳವೆಗಳಿಗೆ ಸುಣ್ಣ ಕಟ್ಟುತ್ತದೆ. ಗಾಜು ಕೈಸುಡುವಷ್ಟು ಕಾದಿದ್ದು ಟ್ಯಾಂಕಿನ ನೀರು ಬೆಚ್ಚಗೇ ಇದ್ದರೆ ಅನುಮಾನವೇ ಬೇಡ. ಗಡಸು ಬೋರ್ ನೀರಿನ ಮನೆಗೆ ಟ್ಯೂಬಿನ ಮಾದರಿಯನ್ನೇ ನಾನು ಹೇಳುವುದು.

7. ಪೈಪಿನಲ್ಲಿ ಆರುವ ನೀರನ್ನು ಲೆಕ್ಕ ಹಾಕಿ

“ಸೋಲಾರಲ್ಲಿ ಅರ್ಧ ಬಕೆಟ್ ತಣ್ಣೀರು ಹೋದ ಮೇಲೆ ಬಿಸಿ ಬರೋದು” ಎಂಬ ದೂರು ಟ್ಯಾಂಕಿನದಲ್ಲ, ಪೈಪಿನದು. ಮುಕ್ಕಾಲು ಇಂಚಿನ ಪೈಪಿನಲ್ಲಿ ಮೀಟರಿಗೆ ಕಾಲು ಲೀಟರ್ ನೀರು ನಿಂತಿರುತ್ತದೆ. ತಾರಸಿಯಿಂದ ಕೆಳಗಿನ ಬಚ್ಚಲಿಗೆ 20 ಮೀಟರ್ ಇದ್ದರೆ ಪ್ರತಿ ಸಲ 5 ಲೀಟರ್ ಹರಿದು ಹೋಗಬೇಕು. ನೀರಿನ ಬರ ಕಂಡ ಜಿಲ್ಲೆಯಲ್ಲಿ ಇದು ಸಣ್ಣ ಮಾತಲ್ಲ. ಮನೆಯವರೆಲ್ಲ ಒಬ್ಬರ ಹಿಂದೆ ಒಬ್ಬರು ಸ್ನಾನ ಮುಗಿಸಿದರೆ ಒಂದೇ ಸಲ ಪೋಲು. ಮೊದಲು ಬರುವ ನೀರನ್ನು ಬೇರೆ ಬಕೆಟಿಗೆ ಹಿಡಿದರೆ ಬಟ್ಟೆಗೆ, ಗಿಡಕ್ಕೆ ಆಗುತ್ತದೆ.

ಬಿಸಿನೀರಿಗೆ ಸಿಪಿವಿಸಿ ಪೈಪೇ ಬೇಕು. ತಣ್ಣೀರಿನ ಬಿಳಿ ಪಿವಿಸಿ ಪೈಪ್ ಬಿಸಿಗೆ ಮೆತ್ತಗಾಗಿ ಜೋತು ಬಿದ್ದು ಸಂದುಗಳಲ್ಲಿ ಬಿಡುತ್ತದೆ. ತಾರಸಿಯ ಮೇಲಿನ ಬಿಸಿನೀರಿನ ಪೈಪಿಗೆ ಕಪ್ಪು ಫೋಮ್ ಹೊದಿಕೆ, ಅದರ ಮೇಲೆ ಅಲ್ಯುಮಿನಿಯಂ ಟೇಪ್. ಟೇಪ್ ಇಲ್ಲದ ಫೋಮ್ ನಮ್ಮ ಬಿಸಿಲಿಗೆ ಬೇಗ ಪುಡಿಯಾಗುತ್ತದೆ.

8. ಮೋಡದ ದಿನಕ್ಕೆ ಸಿದ್ಧರಾಗಿರಿ

2007ರಲ್ಲಿ ರಾಜ್ಯ ಸರ್ಕಾರ ನಿಗದಿತ ವಿಸ್ತೀರ್ಣ ಮೀರಿದ ಹೊಸ ಮನೆಗಳಿಗೆ ಸೋಲಾರ್ ವಾಟರ್ ಹೀಟರ್ ಕಡ್ಡಾಯ ಮಾಡಿತು. ತಾರಸಿಗಳಲ್ಲಿ ಇಷ್ಟು ಸೋಲಾರ್ ಕಾಣುವುದಕ್ಕೆ ಅದೂ ಒಂದು ಕಾರಣ. ಆದರೆ ಕಡ್ಡಾಯಕ್ಕೆ ಕೂರಿಸಿ ಮರೆತ ಸೋಲಾರ್ ಕಬ್ಬಿಣದ ಸಾಮಾನು ಅಷ್ಟೇ. 100 ಲೀಟರ್ ನೀರನ್ನು 22ರಿಂದ 60 ಡಿಗ್ರಿಗೆ ಏರಿಸಲು ಸುಮಾರು ನಾಲ್ಕೂವರೆ ಯೂನಿಟ್ ಕರೆಂಟ್ ಬೇಕು. ಚೆನ್ನಾಗಿ ನೋಡಿಕೊಂಡ ಸೋಲಾರ್ ಬಿಸಿಲಿನ ದಿನ ಅಷ್ಟನ್ನೂ ಉಳಿಸುತ್ತದೆ.

ಮೋಡ ಕವಿದಾಗ ಟ್ಯಾಂಕಿನೊಳಗಿನ ಕರೆಂಟ್ ಕಾಯಿಲ್ ಹಾಕುತ್ತೇವೆ. ಅದನ್ನು ರಾತ್ರಿ ಹಾಕಿ ಮಲಗಬೇಡಿ. ಬೆಳಿಗ್ಗೆ ಎದ್ದು ಹಾಕಿ, ಸ್ನಾನಕ್ಕೆ ಮೊದಲು ಆರಿಸಿ. ಟ್ಯಾಂಕಿನಲ್ಲಿ ನೀರಿದೆಯೇ ಎಂದು ಖಚಿತವಾಗದೆ ಸ್ವಿಚ್ ಮುಟ್ಟಬೇಡಿ. ನೀರಿಲ್ಲದ ಕಾಯಿಲ್ ನೋಡನೋಡುತ್ತಲೇ ಸುಡುತ್ತದೆ.

ಅರ್ಥಿಂಗ್ ವಿಷಯದಲ್ಲಿ ರಾಜಿ ಬೇಡ. ಗೀಸರ್ ಇರುವ ಮನೆಗೆ 30 ಮಿಲಿಆಂಪಿಯರ್‌ಗೆ ಟ್ರಿಪ್ ಆಗುವ ಆರ್‌ಸಿಸಿಬಿ ಇರಲೇಬೇಕು. ತಿಂಗಳಿಗೊಮ್ಮೆ ಅದರ ಟೆಸ್ಟ್ ಬಟನ್ ಒತ್ತಿ. ಟ್ರಿಪ್ ಆಗದಿದ್ದರೆ ಎಲೆಕ್ಟ್ರಿಷಿಯನ್‌ಗೆ ತೋರಿಸಿ. ನಮ್ಮ ನೆಲ ಬೇಸಿಗೆಯಲ್ಲಿ ಪೂರಾ ಒಣಗುತ್ತದೆ, ಒಣ ನೆಲದಲ್ಲಿ ಅರ್ಥ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಮಾರ್ಚಿನಿಂದ ಮಳೆ ಬರುವವರೆಗೂ ವಾರಕ್ಕೊಮ್ಮೆ ಅರ್ಥ್ ಗುಂಡಿಗೆ ಒಂದು ಕೊಡ ನೀರು ಹಾಕಿ.

9. ಗ್ಯಾಸ್ ಗೀಸರ್ ಬಚ್ಚಲ ಒಳಗೆ ಬೇಡವೇ ಬೇಡ

ಈ ಪಟ್ಟಿಯಲ್ಲಿ ಒಂದನ್ನು ಮಾತ್ರ ಪಾಲಿಸುತ್ತೀರಿ ಅಂದರೆ ಇದನ್ನೇ ಪಾಲಿಸಿ. ಮುಚ್ಚಿದ ಬಚ್ಚಲಲ್ಲಿ ಗ್ಯಾಸ್ ಗೀಸರಿನಿಂದ ಜೀವ ಹೋದ ಸುದ್ದಿ ನಮ್ಮ ರಾಜ್ಯದ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತಲೇ ಇದೆ. ಹಾಗೆ ಸತ್ತವರಲ್ಲಿ ಎಳೆಯರು, ಮಕ್ಕಳು, ತಾಯಂದಿರು ಇದ್ದಾರೆ.

ಕಾರಣ ಸರಳ. ಸಾಧಾರಣ ಗ್ಯಾಸ್ ಗೀಸರ್ ಪೂರ್ತಿ ಉರಿಯಲ್ಲಿ ಗಂಟೆಗೆ ಸುಮಾರು ಒಂದು ಕಿಲೋ ಗ್ಯಾಸ್ ಸುಡುತ್ತದೆ. ಹತ್ತು ನಿಮಿಷದ ಸ್ನಾನಕ್ಕೆ ಸುಮಾರು 2 ಘನ ಮೀಟರ್ ಗಾಳಿಯ ಆಮ್ಲಜನಕ ಅದಕ್ಕೇ ಹೋಗುತ್ತದೆ. 4 ಅಡಿ ಅಗಲ, 6 ಅಡಿ ಉದ್ದ, 8 ಅಡಿ ಎತ್ತರದ ಬಚ್ಚಲಲ್ಲಿ ಇರುವ ಗಾಳಿಯೇ ಐದೂವರೆ ಘನ ಮೀಟರಿಗಿಂತ ಕಡಿಮೆ. ಕಿಟಕಿ ಮುಚ್ಚಿದ್ದರೆ ಆಮ್ಲಜನಕ ಇಳಿಯುತ್ತದೆ, ಗ್ಯಾಸ್ ಅರೆಬರೆ ಸುಟ್ಟು ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸಿಲಿಂಡರಿನ ಗ್ಯಾಸಿಗೆ ವಾಸನೆ ಬೆರೆಸಿರುವುದರಿಂದ ಸೋರಿದರೆ ಗೊತ್ತಾಗುತ್ತದೆ. ಈ ವಿಷದ ಸುಳಿವೂ ಸಿಗುವುದಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಇದನ್ನು ಹಿಡಿದುಕೊಳ್ಳುತ್ತದೆ. ತಲೆನೋವು, ಹೊಟ್ಟೆ ತೊಳಸುವುದು, ಕಾಲಲ್ಲಿ ಬಲ ಇಲ್ಲದಾಗುವುದು ಮೊದಲ ಲಕ್ಷಣಗಳು. ಚಿಲಕ ತೆಗೆಯುವಷ್ಟರಲ್ಲೇ ಕುಸಿದವರಿದ್ದಾರೆ.

ಗೀಸರನ್ನು ಬಚ್ಚಲ ಹೊರಗೋಡೆಗೆ, ಗಾಳಿಯಾಡುವ ಕಡೆ, ಮಳೆ ತಗುಲದಂತೆ ಕೂರಿಸಿ. ಒಳಗೆ ಬರಬೇಕಾದದ್ದು ಬಿಸಿನೀರಿನ ಪೈಪ್ ಮಾತ್ರ. ಬಾಡಿಗೆ ಮನೆಯಲ್ಲಿ ಒಳಗೇ ಇದ್ದರೆ ಮಾಲೀಕರ ಜೊತೆ ಮಾತಾಡಿ ಹೊರಗೆ ಹಾಕಿಸಿ. ಅಲ್ಲಿಯವರೆಗೆ ಬಾಗಿಲು, ಕಿಟಕಿ ತೆರೆದು ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ಸ್ನಾನಕ್ಕೆ ಹೋಗಿ. ಗೀಸರ್ ಉರಿಯುತ್ತಿರುವಾಗ ಒಳಗೆ ನಿಂತು ಸ್ನಾನ ಮಾಡಬೇಡಿ, ಮಕ್ಕಳನ್ನಂತೂ ಕಳಿಸಲೇಬೇಡಿ.

ನಿರ್ವಹಣೆಯಲ್ಲಿ ಮೊದಲು ನೋಡುವುದು ಜ್ವಾಲೆಯ ಬಣ್ಣ. ನೀಲಿ ಇದ್ದರೆ ಸರಿ. ಹಳದಿ ತುದಿ ಕಂಡರೆ ಬರ್ನರಿಗೆ ಗಾಳಿ ಸಾಲುತ್ತಿಲ್ಲ, ಇಲ್ಲವೇ ಮೇಲಿನ ತಾಮ್ರದ ರೆಕ್ಕೆಗಳಲ್ಲಿ ಮಸಿ ಕಟ್ಟಿದೆ. ಆವತ್ತೇ ಗ್ಯಾಸ್ ನಿಲ್ಲಿಸಿ ಸರ್ವಿಸ್ ಮಾಡಿಸಿ. ಗ್ಯಾಸ್ ಪೈಪ್ ಸುರಕ್ಷಾ ಮಾದರಿಯದೇ ಇರಲಿ, ಐದು ವರ್ಷಕ್ಕೊಮ್ಮೆ ಬದಲಾಗಲಿ. ಒಳಗಿನ ಬ್ಯಾಟರಿಗಳು ರಸ ಕಾರುವ ಮೊದಲೇ ಬದಲಾಯಿಸಿ. ಸಂದುಗಳಿಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಿ; ಬೆಂಕಿಕಡ್ಡಿ ಗೀರಿ ನೋಡುವುದು ಬೇಡ.

ಯಾರಾದರೂ ಒಳಗೆ ಕುಸಿದಿದ್ದರೆ ಬಾಗಿಲು ಒಡೆದಾದರೂ ತೆರೆಯಿರಿ, ಉಸಿರು ಬಿಗಿಹಿಡಿದು ಅವರನ್ನು ಬಯಲಿಗೆ ಎಳೆದು ತನ್ನಿ, ಗ್ಯಾಸ್ ನಿಲ್ಲಿಸಿ, 108ಕ್ಕೆ ಕರೆ ಮಾಡಿ. ಎಚ್ಚರ ಬಂದರೂ ಆಸ್ಪತ್ರೆಗೆ ಹೋಗಲೇಬೇಕು. ಗ್ಯಾಸ್ ಸೋರಿಕೆಗೆ ತುರ್ತು ಸಂಖ್ಯೆ 1906.

10. ಹಂಡೆ ಒಲೆಗೆ ಒಣ ಸೌದೆ, ತೆರೆದ ಹೊಗೆಗೂಡು

ತೆಂಗು, ಅಡಿಕೆ ಬೆಳೆಯುವ ಗುಬ್ಬಿ, ಕುಣಿಗಲ್, ತಿಪಟೂರು ಕಡೆಯ ಮನೆಗಳಲ್ಲಿ ಉರುವಲು ತೋಟದಿಂದಲೇ ಬರುತ್ತದೆ: ಗರಿ, ಮಟ್ಟೆ, ಚಿಪ್ಪು, ಅಡಿಕೆ ಸಿಪ್ಪೆ. ಸರಿಯಾಗಿ ಕಟ್ಟಿದ ಹಂಡೆ ಒಲೆ ಅಂಥ ಮನೆಗೆ ತುಂಬಾ ಅನುಕೂಲ. ಅದನ್ನು ಕೆಡಿಸುವುದು ಹಸಿ ಉರುವಲು. ಹಸಿ ಮಟ್ಟೆ ಉರಿಯುವುದಕ್ಕಿಂತ ಹೆಚ್ಚು ಹೊಗೆಯಾಡುತ್ತದೆ, ಹೊಗೆಯ ಅಂಟು ಹೊಗೆಗೂಡಿಗೆ ಮೆತ್ತಿ ದಾರಿ ಕಿರಿದಾಗುತ್ತದೆ, ಕೊನೆಗೆ ಹೊಗೆ ಬಚ್ಚಲಿಗೇ ತಿರುಗುತ್ತದೆ. ಆ ಹೊಗೆಯಲ್ಲೂ ಗ್ಯಾಸ್ ಗೀಸರಿನ ಅದೇ ವಿಷವಿದೆ. ಕೆಂಡ ನಿಗಿನಿಗಿ ಇರುವಾಗ ಬಾಗಿಲು ಜಡಿದು ಸ್ನಾನಕ್ಕೆ ಕೂರುವುದು, ಬಾಣಂತಿಗೆ ನೀರು ಹಾಕುವಾಗ ಚಳಿಯೆಂದು ಕಿಟಕಿಗೆ ಬಟ್ಟೆ ತುರುಕುವುದು ಎರಡೂ ಬೇಡ. ಪ್ಲಾಸ್ಟಿಕ್ ಕವರು, ಹಳೆ ಚಪ್ಪಲಿ ಒಲೆಗೆ ಹಾಕುವುದನ್ನಂತೂ ಬಿಡಲೇಬೇಕು.

ಹಂಡೆಯ ತಳದ ಮಸಿ ಕೆರೆಯಿರಿ, ಒಲೆಯ ಬೂದಿ ದಿನವೂ ತೆಗೆಯಿರಿ. ಬೂದಿ ತುಂಬಿದ ಒಲೆಗೆ ಕೆಳಗಿನಿಂದ ಗಾಳಿ ಬಾರದು. ಹಂಡೆಯ ಒಳಗಿನ ಸುಣ್ಣವನ್ನು ಸುತ್ತಿಗೆಯಿಂದ ಬಡಿದು ಎಬ್ಬಿಸಿದರೆ ತಾಮ್ರ ನೆಗ್ಗಿ ಒಂದಲ್ಲ ಒಂದು ದಿನ ಸೋರುತ್ತದೆ. ಹುಣಸೆಹಣ್ಣಿನ ನೀರನ್ನು ಬೆಚ್ಚಗೆ ಮಾಡಿ ರಾತ್ರಿಯಿಡೀ ಬಿಟ್ಟರೆ ಪದರ ಸಡಿಲಾಗುತ್ತದೆ, ಬೆಳಿಗ್ಗೆ ತೆಂಗಿನ ನಾರಿನಿಂದ ತಿಕ್ಕಿದರೆ ಬರುತ್ತದೆ. ತಳದಲ್ಲಿ ನೀರಿಲ್ಲದ ಹಂಡೆಗೆ ಉರಿ ಹಾಕಲೇಬೇಡಿ.

11. ಬಕೆಟಿಗೆ ತಣ್ಣೀರು ಮೊದಲು

60 ಡಿಗ್ರಿಯ ನೀರು ಐದಾರು ಸೆಕೆಂಡಿನಲ್ಲಿ ಚರ್ಮ ಬೇಯಿಸುತ್ತದೆ, ಮಕ್ಕಳ ಚರ್ಮವನ್ನು ಇನ್ನೂ ಬೇಗ. ಬೇಸಿಗೆಯ ಸೋಲಾರ್ ನೀರು ಇದಕ್ಕಿಂತಲೂ ಬಿಸಿಯಿರುತ್ತದೆ. ಮೊದಲು ತಣ್ಣೀರು ಬಿಟ್ಟು ಆಮೇಲೆ ಬಿಸಿನೀರು ಬೆರೆಸುವುದು ಮನೆಮಂದಿಗೆಲ್ಲ ರೂಢಿಯಾಗಲಿ. ಮಗು ಇರುವ ಮನೆಯಲ್ಲಿ ಬಿಸಿನೀರಿನ ಬಕೆಟ್ ನೆಲದ ಮೇಲೆ ಬಿಟ್ಟು ಫೋನ್ ಎತ್ತಲು ಹೋಗಬೇಡಿ. ಬಕೆಟಿಗೆ ಇಳಿಬಿಡುವ ಕಾಯಿಲ್ ಬಳಸುವವರು ಸ್ವಿಚ್ ಆರಿಸಿ, ಪ್ಲಗ್ ಕಿತ್ತ ಮೇಲೆಯೇ ನೀರು ಮುಟ್ಟಿ ನೋಡಬೇಕು.

ಸೋಲಾರ್, ಗೀಸರಿನ ನೀರನ್ನು ಅಡುಗೆಗೆ, ಕುಡಿಯಲು ಬಳಸಬೇಡಿ. ನಮ್ಮ ಜಿಲ್ಲೆಯ ಪಾವಗಡದಂಥ ಕಡೆ ಬೋರ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕಾಯಿಸಿದರೆ ಅದು ಹೋಗುತ್ತದೆ ಎಂಬುದು ತಪ್ಪು ನಂಬಿಕೆ. ನೀರು ಆವಿಯಾಗಿ ಹೋದಷ್ಟೂ ಉಳಿದ ನೀರಲ್ಲಿ ಅದರ ಪ್ರಮಾಣ ಏರುತ್ತದೆ.

12. ಗಾಡಿಯೊಳಗಿನ ಬಿಸಿನೀರಿಗೂ ಇದೇ ನಿಯಮ

ಟೆಂಪೋ ಟ್ರಾವೆಲರನ್ನು ಮಲಗುವ, ಅಡುಗೆ ಮಾಡುವ ಗಾಡಿಯಾಗಿ ಮಾಡಿಸಿಕೊಂಡು ಊರೂರು ತಿರುಗುವವರು ಈಗ ಕಾಣಿಸುತ್ತಿದ್ದಾರೆ. ಇಂಥ ಮೋಟರ್ ಕ್ಯಾರವಾನ್‌ಗಳಿಗೆಂದೇ ಎಐಎಸ್-124 ಎಂಬ ಭಾರತೀಯ ಮಾನದಂಡ ಇದೆ. ಮನೆಯ ಗ್ಯಾಸ್ ಗೀಸರನ್ನು ತಂದು ಗಾಡಿಯ ಸಣ್ಣ ಬಚ್ಚಲಿಗೆ ಮೊಳೆ ಹೊಡೆದು ಕೂರಿಸಿದರೆ ಒಂಬತ್ತನೆಯ ಪಾಠದ ಅಪಾಯ ಹಲವು ಪಟ್ಟು ಹೆಚ್ಚುತ್ತದೆ, ಯಾಕೆಂದರೆ ಅಲ್ಲಿರುವ ಗಾಳಿಯೇ ಅಷ್ಟು ಕಡಿಮೆ. ಉರಿಗೆ ಬೇಕಾದ ಗಾಳಿಯನ್ನು ಹೊರಗಿನಿಂದಲೇ ಎಳೆದು, ಹೊಗೆಯನ್ನು ಹೊರಗೇ ಬಿಡುವ, ಗಾಡಿಗೆಂದೇ ಮಾಡಿದ ಹೀಟರ್ ಮಾತ್ರ ಹಾಕಿಸಿ. ಮಲಗುವ ಕಡೆ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇರಲಿ.

ಹೊರದೇಶದ ಕೈಪಿಡಿಗಳು ಪೈಪಿನಲ್ಲಿ ನೀರು ಹೆಪ್ಪುಗಟ್ಟುವುದರ ಬಗ್ಗೆಯೇ ಹೆಚ್ಚು ಹೇಳುತ್ತವೆ. ತುಮಕೂರಿನ ಚಳಿಗೆ ಆ ಭಯ ಇಲ್ಲ. ನಮ್ಮ ತೊಂದರೆ ಊರೂರಿನ ಗಡಸು ನೀರು, ಹೊಂಡಗಳ ಕುಲುಕಾಟ, ಬಿಸಿಲಲ್ಲಿ ವಾರಗಟ್ಟಲೆ ನಿಂತು ಕೊಳೆಯುವ ನೀರು. ಪ್ರಯಾಣ ಮುಗಿದ ದಿನವೇ ಟ್ಯಾಂಕ್, ಹೀಟರ್ ಎರಡನ್ನೂ ಬಸಿದುಬಿಡಿ. ಹೊರಡುವ ಮೊದಲು ಗ್ಯಾಸಿನ ಪ್ರತಿ ಸಂದಿಗೂ ಸೋಪಿನ ನೊರೆ ಹಚ್ಚಿ ನೋಡಿ. ಗಾಡಿ ಓಡುವಾಗ ಸಿಲಿಂಡರಿನ ವಾಲ್ವ್ ಮುಚ್ಚಿರಲಿ.

13. ನೀರು ತುಂಬುವ ಹಬ್ಬವೇ ವರ್ಷದ ಸರ್ವಿಸ್ ದಿನ

ದೀಪಾವಳಿಯಲ್ಲಿ ನರಕ ಚತುರ್ದಶಿಯ ಹಿಂದಿನ ಸಂಜೆ ನೀರು ತುಂಬುವ ಹಬ್ಬ. ಬಚ್ಚಲು ತೊಳೆದು, ಹಂಡೆಯನ್ನು ಹುಣಸೆಹಣ್ಣು ಹಚ್ಚಿ ಬೆಳಗಿ, ಕೊರಳಿಗೆ ಬಳ್ಳಿ ಸುತ್ತಿ, ಹೊಸ ನೀರು ತುಂಬಿಸುತ್ತೇವೆ. ನನ್ನ ಕಣ್ಣಿಗೆ ಇದು ಪೂರ್ತಿ ಪೂಜೆಯೂ ಹೌದು, ಪೂರ್ತಿ ರಿಪೇರಿ ದಿನವೂ ಹೌದು. ಮುಂಗಾರು ಮುಗಿದು ಚಳಿ ಶುರುವಾಗುವ ಸಂಧಿಯಲ್ಲಿ, ಬಿಸಿನೀರಿನ ಬಳಕೆ ಏರುವ ಮೊದಲು, ಸುಣ್ಣ ಮಸಿ ತೆಗೆದು ಹೊಸ ನೀರು ತುಂಬಿಸಬೇಕೆಂದು ಹಿರಿಯರು ವರ್ಷಕ್ಕೊಂದು ದಿನವನ್ನೇ ಗೊತ್ತು ಮಾಡಿಟ್ಟಿದ್ದಾರೆ. ಹಂಡೆ ಹೋಗಿ ಸೋಲಾರ್ ಬಂದ ಮನೆಗಳಲ್ಲಿ ಹಬ್ಬ ಉಳಿದಿದೆ, ಕೆಲಸ ಬಿಟ್ಟುಹೋಗಿದೆ. ಅದನ್ನು ವಾಪಸ್ ತರೋಣ.

ಹಬ್ಬಕ್ಕೆ ಒಂದು ವಾರ ಮೊದಲು, ಬೆಳಗಿನ ಹೊತ್ತು, ಈ ಕೆಲಸಗಳನ್ನು ಇದೇ ಕ್ರಮದಲ್ಲಿ ಮಾಡಿ: ತಣ್ಣೀರಿನ ಟ್ಯಾಂಕ್ ತೊಳೆಯಿರಿ, ಸೋಲಾರ್ ಟ್ಯಾಂಕ್ ತಳದಿಂದ ಬಸಿಯಿರಿ, ಟ್ಯೂಬುಗಳ ತುದಿ, ರಿಂಗ್ ನೋಡಿ, ಏರ್ ಪೈಪಿನ ಬಾಯಿ ಬಿಡಿಸಿ, ಪೈಪಿನ ಹೊದಿಕೆ ಸರಿಪಡಿಸಿ, ಗೀಸರಿನ ಕಾಯಿಲ್, ಮೆಗ್ನೀಸಿಯಂ ಕಡ್ಡಿ, ಸೇಫ್ಟಿ ವಾಲ್ವ್ ತೋರಿಸಿ, ಆರ್‌ಸಿಸಿಬಿ ಒತ್ತಿ ನೋಡಿ, ಗ್ಯಾಸ್ ಪೈಪಿನ ಮೇಲೆ ಅಚ್ಚಾಗಿರುವ ವರ್ಷ ಓದಿ, ಹೊಗೆಗೂಡು ಗುಡಿಸಿ. ಟ್ಯಾಂಕಿನ ಮೈಮೇಲೆ ಪೇಂಟಿನಲ್ಲಿ ಆ ದಿನದ ತಾರೀಕು ಬರೆಯಿರಿ. ಏನು ಬದಲಾಯಿಸಿದಿರಿ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಮೀಟರ್ ಬೋರ್ಡಿನ ಬಾಗಿಲ ಒಳಗಡೆ ಅಂಟಿಸಿಡಿ. ಮುಂದೆ ರಿಪೇರಿಗೆ ಯಾರೇ ಬಂದರೂ ಅದನ್ನು ಓದಿಯೇ ಕೆಲಸ ಶುರು ಮಾಡುತ್ತಾರೆ. ಬೇಡದ ಭಾಗ ಬಿಚ್ಚುವುದೂ ತಪ್ಪುತ್ತದೆ, ಬೇಡದ ಖರ್ಚೂ ತಪ್ಪುತ್ತದೆ.